ಹೆಂಚಿನ ಬೆನ್ನಲ್ಲಿ ಓದಿದ ಊರು

ಹೊನ್ನವಳ್ಳಿಯ ನಮ್ಮ ಹಳೆಯ ಮನೆಯಲ್ಲಿ ಕೊಬ್ಬರಿ ಅಟ್ಟ ಹತ್ತಿ ಅಂಗಾತ ಮಲಗಿದರೆ ಹೆಂಚುಗಳ ಒಳಮೈ ಸಾಲುಸಾಲಾಗಿ ಕಾಣುತ್ತಿತ್ತು. ಒಂದೊಂದು ಹೆಂಚಿನ ಮೇಲೂ ಉಬ್ಬಿದ ಇಂಗ್ಲಿಷ್ ಅಕ್ಷರಗಳು. ಶಾಲೆಯಲ್ಲಿ ಇಂಗ್ಲಿಷ್ ವರ್ಣಮಾಲೆ ಕಲಿತ ವರ್ಷದ ಬೇಸಿಗೆ ರಜೆಯಲ್ಲಿ, ಗಾಜಿನ ಹೆಂಚಿನಿಂದ ಇಳಿಯುವ ಬೆಳಕಿನಲ್ಲಿ, ಅವನ್ನು ಒಂದೊಂದಾಗಿ ಕೂಡಿಸಿ ಓದಿದೆ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು, 1865. ಏಣಿ ಇಳಿದು ಓಡಿಹೋಗಿ, ಜಗಲಿಯ ಮೇಲೆ ಕುಳಿತಿದ್ದ ಅಜ್ಜನಿಗೆ, ನಮ್ಮ ಮನೆ 1865ರಲ್ಲಿ ಕಟ್ಟಿದ್ದೆಂದು ಸಾರಿದೆ. ಅಜ್ಜ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ, "ಲೋ, ಈ ಮನೆ ಕಟ್ಟಿಸಿದ್ದು ನಮ್ಮಪ್ಪ. ನಮ್ಮಪ್ಪ ಹುಟ್ಟಿದ್ದೇ ಅದಾಗಿ ಎಷ್ಟೋ ವರ್ಷಕ್ಕೆ ಕಣೋ" ಎಂದರು. ನನ್ನ ಮೊದಲ ಇತಿಹಾಸ ಸಂಶೋಧನೆ ಹೀಗೆ ಮಣ್ಣುಗೂಡಿತು.

ಆ 1865 ಯಾರ ಇಸವಿ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಉಳಿದದ್ದು ಮಂಗಳೂರು ಎಂಬ ಹೆಸರು. ಸಮುದ್ರವನ್ನೇ ಕಾಣದ ಹುಡುಗನಿಗೆ ಆ ಊರು ತಲೆಯ ಮೇಲೆ ನೂರಾರು ಸಲ ಬರೆದಿತ್ತು.

ನಮ್ಮ ಸೀಮೆಯನ್ನು ಅರಿಯದವರಿಗೆ ಒಂದು ಮಾತು ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬಾಳುವೆ ತೆಂಗಿನ ಮೇಲೆ ನಿಂತಿದೆ. ಹೊನ್ನವಳ್ಳಿಯ ಗಂಗಾಪಾಣಿ ಎಳನೀರಿನ ಹೆಸರು ಹಳೆಯ ಗ್ಯಾಸೆಟಿಯರುಗಳಿಗೂ ಹತ್ತಿದೆ. ಆದರೆ ಸಂಸಾರ ಸಾಗಿಸುವುದು ಎಳನೀರಲ್ಲ, ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡಬೇಕು. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಇದಕ್ಕೆ ಬೇಕಾದದ್ದು ಗಾಳಿಯಾಡುವ, ಒಂದು ಹನಿಯೂ ಸೋರದ ಸೂರು. ನಾಡಹೆಂಚಿನ ಸೂರಾದರೆ ಕೋತಿ ನಡೆದರೂ ಹೆಂಚು ಸರಿಯುತ್ತದೆ; ಗರಿ ಬಿದ್ದರಂತೂ ಕೇಳುವುದೇ ಬೇಡ. ಪ್ರತಿ ವರ್ಷ ಮಳೆಗೆ ಮುಂಚೆ ಆಳುಗಳನ್ನು ಕರೆಸಿ ಹೆಂಚು ಕೈಯಾಡಿಸಬೇಕು. ಒಂದಕ್ಕೊಂದು ತೋಡು ಕೂಡಿಸಿ ಕಚ್ಚಿಕೊಳ್ಳುವ ಮಂಗಳೂರು ಹೆಂಚು ಬಂದಾಗ ನಮ್ಮ ಕಡೆಯ ತೆಂಗಿನ ಒಡೆಯರು ಅದನ್ನು ಯಾಕೆ ಅಷ್ಟು ಹಣ ಕೊಟ್ಟು, ಅಷ್ಟು ದೂರದಿಂದ ತರಿಸಿದರು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಅದು ಬರೀ ಷೋಕಿಯಾಗಿರಲಿಲ್ಲ. ವರ್ಷದ ದುಡಿಮೆಯ ಕೊಡೆಯಾಗಿತ್ತು.

ಹೋದ ವರ್ಷ ಆ ಮನೆಯನ್ನು ಕೆಡವುವುದೆಂದು ಅಣ್ಣ ತೀರ್ಮಾನಿಸಿದ. ನಾನು ಅಡ್ಡ ಮಾತಾಡಲಿಲ್ಲ. ಊರಿನಲ್ಲಿದ್ದು ತೋಟ ನೋಡಿಕೊಂಡವನು ಅವನು. ನಾನು ಪಟ್ಟಣದಲ್ಲಿ ಹಳಗನ್ನಡ ಪಾಠ ಹೇಳಿಕೊಂಡು ಹಬ್ಬಕ್ಕೆ ಬಂದು ಹೋಗುವವನು. ಜಂತೆಗೆ ಗೆದ್ದಲು ಹಿಡಿದಿತ್ತು, ಮಕ್ಕಳಿಗೆ ತಾರಸಿ ಮನೆ ಬೇಕಾಗಿತ್ತು. "ಹೆಂಚೇನು ಮಾಡಾನ?" ಎಂದು ಮಾತ್ರ ಕೇಳಿದ. ಒಂದು ತಿಂಗಳು ತಡೆ ಎಂದೆ. ಆ ತಿಂಗಳಲ್ಲಿ, ಕಾಲೇಜಿಗೆ ರಜೆ ಬಂದೊಡನೆ, ಒಂದು ಒಡೆದ ಹೆಂಚಿನ ಚೂರನ್ನು ಟವಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಮಂಗಳೂರಿಗೆ ಹೊರಟೆ. ಹಿಂದೆ ವಿಚಾರಸಂಕಿರಣ, ಮೌಲ್ಯಮಾಪನಗಳಿಗೆಂದು ಆ ಊರಿಗೆ ಹೋದದ್ದುಂಟು. ಊರನ್ನೇ ನೋಡಲೆಂದು ಹೋದದ್ದು ಇದೇ ಮೊದಲು.

ಶಿರಾಡಿ ಘಾಟಿ ಇಳಿದು ನೇತ್ರಾವತಿಯ ಜೊತೆಜೊತೆಗೇ ಹೋಗುವ ಹೆದ್ದಾರಿ ಊರೊಳಕ್ಕೆ ಸೇರುತ್ತದೆ. ಆದರೆ ಮಂಗಳೂರನ್ನು ಅರಿಯಬೇಕಾದರೆ ಬಸ್ ನಿಲ್ದಾಣದಿಂದ ಪಶ್ಚಿಮಕ್ಕೆ, ಹಳೆಯ ಬಂದರಿಗೆ ನಡೆಯಬೇಕು. ಅಲ್ಲಿ ಎರಡು ನದಿಗಳು, ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಫಲ್ಗುಣಿ ಎಂಬ ಗುರುಪುರ ನದಿ, ಕಡಲಿಗೆ ನೇರವಾಗಿ ಸೇರದೆ, ಬೆಂಗ್ರೆಯ ಮರಳು ದಿಣ್ಣೆಯ ಹಿಂದೆ ಒಂದನ್ನೊಂದು ಕೂಡಿ, ಒಂದೇ ಬಾಯಿಂದ ಸಮುದ್ರಕ್ಕೆ ಇಳಿಯುತ್ತವೆ. ಆ ಬಾಯಿಯನ್ನು ಅಲ್ಲಿಯವರು ಅಳಿವೆ ಎನ್ನುತ್ತಾರೆ. ಅಳಿವೆಯಲ್ಲಿ ಮರಳು ಕಟ್ಟುತ್ತದೆ, ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ದೊಡ್ಡ ಹಡಗು ಒಳಗೆ ಬರಲಾರದು. ಹೊರಗೆ ಲಂಗರು ಹಾಕಿ ನಿಂತು ಸರಕನ್ನು ದೋಣಿಗಳಿಗೆ ಇಳಿಸಬೇಕು. ಜೂನಿನಿಂದ ಮಳೆಗಾಲ ಕಳೆಯುವ ತನಕ ಅದೂ ಇಲ್ಲ. ಇಂಥ ಸಂಕೋಚದ ಬಾಗಿಲಿನ ಬಂದರು ಸಾವಿರ ವರ್ಷ ನಡೆಯಿತೆಂದರೆ ಅದರ ಗುಟ್ಟು ಕಡಲಿನಲ್ಲಿಲ್ಲ, ಬೆನ್ನ ಹಿಂದಿನ ಘಟ್ಟದಲ್ಲಿದೆ ಎಂದು ನನಗೆ ತೋರಿತು. ಮೆಣಸು, ಏಲಕ್ಕಿ, ಶುಂಠಿ, ಶ್ರೀಗಂಧ, ಆಮೇಲೆ ಕಾಫಿ, ಎಲ್ಲ ಮೇಲಿನಿಂದ ಇಳಿದು ಬಂದದ್ದು. ಮಂಗಳೂರಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕಡಲ ಕಡೆಗೆ ಮುಖ ಮಾಡಿ ಬರೆಯುತ್ತಾರೆ. ಘಟ್ಟದ ಮೇಲಿನವನಾದ ನಾನು ಬೆನ್ನ ಕಡೆಯಿಂದ ನೋಡಿದರೆ ಓದುಗರು ಕ್ಷಮಿಸಬೇಕು.

ಊರಿನ ಪ್ರಾಚೀನತೆಗೆ ಸಾಕ್ಷಿ ಬೇಕೆಂದರೆ ಕದ್ರಿಗೆ ಹೋಗಬೇಕು. ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನವಿದೆ, ಕಾಲ ಕ್ರಿ.ಶ. 968. ಕದಿರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದ ಸಂಗತಿ ಅದರಲ್ಲಿದೆ. ಬೌದ್ಧರ ಲೋಕೇಶ್ವರ, ಶೈವರ ಮಂಜುನಾಥ, ಪಕ್ಕದ ಗುಡ್ಡದಲ್ಲಿ ನಾಥಪಂಥದ ಜೋಗಿ ಮಠ, ಎಲ್ಲ ಒಂದೇ ಆವರಣದ ಸುತ್ತಮುತ್ತ. ಅಷ್ಟು ದೊಡ್ಡ ಎರಕವನ್ನು ಅಷ್ಟು ನಯವಾಗಿ ಹೊಯ್ದ ಕೈಗಳು ಹತ್ತನೆಯ ಶತಮಾನದಲ್ಲಿ ಕರಾವಳಿಯಲ್ಲಿ ದುಡಿದಿದ್ದವು. ಈ ಕಂಚಿನ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಲಿ.

ಏಕೆಂದರೆ ಅದಾಗಿ ನೂರೆಪ್ಪತ್ತು ವರ್ಷ ಕಳೆಯುವುದರೊಳಗೆ ಇದೇ ಊರಿನಲ್ಲಿ ಕಂಚಿನ ಕಾರ್ಖಾನೆ ಇಟ್ಟುಕೊಂಡಿದ್ದ ಒಬ್ಬ ಪರದೇಶಿಯನ್ನು ನಾವು ಹೆಸರು ಹಿಡಿದು ಬಲ್ಲೆವು. ಅವನು ಅಬ್ರಹಾಂ ಬೆನ್ ಯಿಜು, ಉತ್ತರ ಆಫ್ರಿಕದ ಯಹೂದಿ ವರ್ತಕ. 1132ರ ಹೊತ್ತಿಗೆ ಮಂಗಳೂರಿಗೆ ಬಂದಿದ್ದವನು 1149ರವರೆಗೆ ಇಲ್ಲಿಯೇ ನೆಲಸಿದ. ಏಡನ್ನಿನ ಗೆಳೆಯರು ಅವನಿಗೆ ಒಡೆದ ತಾಮ್ರದ ಪಾತ್ರೆಗಳನ್ನು ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಜೊತೆಗೆ ಬರೆಯಲು ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಇವನು ಕಬ್ಬಿಣ, ಮೆಣಸು, ಏಲಕ್ಕಿ, ಅಡಿಕೆ ಕಳಿಸುತ್ತಿದ್ದ. ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿ ಸಂಸಾರ ಹೂಡಿದ. ದೇವರ ಹೆಸರಿರುವ ಬರಹವನ್ನು ಹರಿದು ಎಸೆಯಬಾರದೆಂಬ ಯಹೂದಿಗಳ ನಿಯಮದಿಂದಾಗಿ ಅವನ ಪತ್ರಗಳು ಕೈರೋ ನಗರದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಏಳು ಶತಮಾನ ಬಿದ್ದಿದ್ದು, 19ನೆಯ ಶತಮಾನದ ಕೊನೆಗೆ ಹೊರಬಂದವು. ವಿದ್ವಾಂಸ ಗೊಯಿಟೈನ್ ಅವನ್ನು ಓದಿ ಬೆಳಕಿಗೆ ತಂದರು. ಅಮಿತಾವ್ ಘೋಷ್ 1992ರಲ್ಲಿ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಬರೆದು ಲೋಕಕ್ಕೆಲ್ಲ ಹೇಳಿದರು.

ಆ ಪತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವನು ವರ್ತಕನಲ್ಲ, ಅವನ ಆಳು. ಯಜಮಾನನ ಸರಕಿನೊಂದಿಗೆ ಏಡನ್ನಿಗೆ ಹೋಗಿ, ಅಲ್ಲಿ ಕುಡಿತಕ್ಕೆ ಬಿದ್ದು, ಹಣಕ್ಕಾಗಿ ಯಜಮಾನನ ಗೆಳೆಯನನ್ನು ಪೀಡಿಸಿದವನು. ಮುಂದೆ ನಂಬಿಕೆಯ ಕಾರ್ಯಕರ್ತನಾಗಿ ಬೆಳೆದು, 1148ರ ಪತ್ರವೊಂದರಲ್ಲಿ ಆ ದೂರದ ವರ್ತಕರಿಂದ ಪ್ರತ್ಯೇಕವಾಗಿ ಕ್ಷೇಮ ಕೇಳಿಸಿಕೊಂಡವನು. ಸ್ವರಗಳಿಲ್ಲದ ಲಿಪಿಯಲ್ಲಿ ಅವನ ಹೆಸರು ಬರೀ ಎರಡು ಮೂರು ವ್ಯಂಜನ. ಅದನ್ನು ಬೊಮ್ಮ ಎಂದು ಓದಬೇಕೆಂದು ಘೋಷ್ ಮಂಗಳೂರಿಗೇ ಬಂದು, ಇಲ್ಲಿನ ವಿದ್ವಾಂಸರನ್ನು ಕೇಳಿ ಗೊತ್ತುಮಾಡಿಕೊಂಡರು. ಬೊಮ್ಮ! ಬ್ರಹ್ಮ ಶಬ್ದದ ತದ್ಭವವೆಂದು ನಾನು ಪ್ರತಿ ವರ್ಷ ಹುಡುಗರಿಗೆ ಕರಿಹಲಗೆಯ ಮೇಲೆ ಬರೆದು ತೋರಿಸುವ ಮಾತು. ತುಳುವರ ಬೆರ್ಮೆರ್ ಅವನೇ. ನಮ್ಮ ಸೀಮೆಯಲ್ಲಿ ಬೊಮ್ಮಣ್ಣ, ಬೊಮ್ಮಯ್ಯ, ಬೊಮ್ಮಕ್ಕ ಇಲ್ಲದ ಹಳ್ಳಿಯೇ ಇಲ್ಲ. ದೊರೆಗಳ ಹೆಸರನ್ನು ಮಾತ್ರ ಕಾಯ್ದಿಡುವ ನಮ್ಮ ಕಲ್ಲುಗಳು ಬಿಟ್ಟುಕೊಟ್ಟ ಒಬ್ಬ ಆಳನ್ನು ಕೈರೋದ ಕಸದ ಕೋಣೆ ಉಳಿಸಿಕೊಟ್ಟಿತು. ಹಳೆಯ ದಕ್ಕೆಯ ಮೇಲೆ ನಿಂತು ಮೀನಿನ ಬುಟ್ಟಿಗಳ ನಡುವೆ ನಾನು ನೆನೆದದ್ದು ಅವನನ್ನೇ.

ಅವನ ನಂತರ ಬಂದವರು ಅನೇಕರು. 1342ರ ಸುಮಾರಿಗೆ ಇಬ್ನ್ ಬತೂತ ಈ ಊರನ್ನು ಮಂಜರೂರು ಎಂದು ಕರೆದು, ಫಾರಸಿ ಮತ್ತು ಯೆಮನ್ ವರ್ತಕರು ಇಲ್ಲಿ ಇಳಿಯುವುದನ್ನೂ, ಮೆಣಸು ಶುಂಠಿಗಳು ಹೇರಳವಾಗಿರುವುದನ್ನೂ, ಊರ ಹೊರಗಿನ ಕೇರಿಯಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರು ವಾಸವಾಗಿರುವುದನ್ನೂ ಬರೆದ. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತಂತೆ. ವರ್ತಕರು ಬೇಕಾದ್ದರಿಂದ ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದನಂತೆ. ಈ ವಾಕ್ಯವನ್ನು ಇಂದಿನ ಪತ್ರಿಕೆಯ ಪಕ್ಕದಲ್ಲಿಟ್ಟು ಓದಬಹುದು. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿ ಹಡಗಿಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ದೊಡ್ಡ ಪಟ್ಟಣವೆಲ್ಲ ಮೇಲೆ. ಅದರ ಬಾಗಿಲು ಕೆಳಗೆ.

ಪೋರ್ತುಗೀಸರು ಬಂದು ಆ ಬಾಗಿಲಿಗೆ ಬೀಗ ಹಾಕಲು ನೋಡಿದರು. ಅವರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನ ಕಥೆ ಇಂದು ಪಠ್ಯಪುಸ್ತಕಗಳಲ್ಲಿದೆ. ನೇತ್ರಾವತಿಯ ಆಚೆ ದಡದಲ್ಲಿ ಅವಳ ಪ್ರತಿಮೆಯೂ ಇದೆ. ನನಗೆ ಪ್ರತಿಮೆಗಿಂತ 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಂಡ ಉಳ್ಳಾಲದ ರಾಣಿಯ ಚಿತ್ರ ಹಿಡಿಸುತ್ತದೆ. ರಾಣಿಯನ್ನು ನೋಡಬೇಕೆಂದು ಹೋದವನಿಗೆ ಅವಳು ಅರಮನೆಯಲ್ಲಿ ಸಿಗಲಿಲ್ಲ. ಬರಿಗಾಲಲ್ಲಿ, ಓಲೆಯ ಕೊಡೆಯ ಕೆಳಗೆ, ನೀರಿನ ಕಾಲುವೆ ತೋಡುವುದನ್ನು ನೋಡಲು ಹೊರಟವಳು ದಾರಿಯಲ್ಲಿ ಸಿಕ್ಕಳು. ಆಡಂಬರದ ರೋಮಿನಿಂದ ಬಂದವನಿಗೆ ಅದು ವಿಚಿತ್ರವಾಗಿ ಕಂಡಿತು. ತೋಟಕ್ಕೆ ನೀರು ಹಾಯಿಸುವ ಸೀಮೆಯವನಾದ ನನಗೆ ಅವಳಿಗಿಂತ ಹತ್ತಿರದ ರಾಣಿ ಇಲ್ಲ.

ಇಕ್ಕೇರಿಯ ನಾಯಕರ ಮಾತನ್ನು ಬಿಟ್ಟು ಮುಂದೆ ಹೋಗುತ್ತೇನೆ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಮಂಗಳೂರು ಮೈಸೂರಿಗೆ ಸೇರಿತು. ಒಳನಾಡಿನ ರಾಜ್ಯಕ್ಕೆ ಕಡಲು ಸಿಕ್ಕಿತು. ಹೈದರ್ ಇಲ್ಲಿ ಹಡಗು ಕಟ್ಟಿಸಿದ. 1783ರ ಮೇ ತಿಂಗಳಿನಿಂದ ಟಿಪ್ಪು ಇಲ್ಲಿನ ಕೋಟೆಗೆ ಮುತ್ತಿಗೆ ಹಾಕಿದ್ದು, ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್ಲನ ಪಡೆ ಹಸಿವು ರೋಗಗಳಿಂದ ಸೊರಗಿ 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟದ್ದು, ಮಾರ್ಚ್ 11ರಂದು ಮಂಗಳೂರು ಒಪ್ಪಂದವಾದದ್ದು, ಇವೆಲ್ಲ ಮೈಸೂರು ಸೀಮೆಯ ಶಾಲೆಗಳಲ್ಲಿ ನಾವು ಹೆಮ್ಮೆಯಿಂದ ಕಲಿತ ಪಾಠ. ಇಂಗ್ಲಿಷರ ಪ್ರತಿನಿಧಿಗಳೇ ಟಿಪ್ಪುವಿನ ಬೀಡಿಗೆ ಬಂದು ಸಹಿ ಹಾಕಿದರೆಂದು ನಮ್ಮ ಮೇಷ್ಟರು ಹೇಳುವಾಗ ಅವರ ಮೀಸೆ ಕುಣಿಯುತ್ತಿತ್ತು.

ಅದೇ 1784ರ ಫೆಬ್ರವರಿಯಲ್ಲಿ ನಡೆದದ್ದನ್ನು ಅವರು ಹೇಳಲಿಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಒಟ್ಟಾಗಿ ಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಮತ ಬದಲಿಸಬೇಕಾಗಿ ಬಂದವರು ಅನೇಕ. 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಇಗರ್ಜಿ ನೆಲಸಮವಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ಹಿಂದಿರುಗಿ, ಬೇರೆಯವರ ಕೈ ಸೇರಿದ್ದ ತಮ್ಮ ನೆಲಗಳನ್ನು ಹುಡುಕಬೇಕಾಯಿತು. ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ನೋಡಲು ಹೋದಾಗ ಈ ಎರಡೂ ನನ್ನ ಮನಸ್ಸಿನಲ್ಲಿದ್ದವು. ಗುರುಪುರ ನದಿಗೆ ಯುದ್ಧದ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅದು. ಮೆಟ್ಟಿಲು ಹತ್ತಿದರೆ ಸುತ್ತಲೂ ತೋಪಿನ ಕಂಡಿಗಳು, ಕೆಳಗೆ ತಣ್ಣೀರುಬಾವಿಗೆ ಹೋಗುವ ದೋಣಿ. ಅಳತೆಯಲ್ಲಿ ಸಣ್ಣದು, ಕಟ್ಟಡವಾಗಿ ಸೊಗಸಾದದ್ದು. ಈ ಊರಿನ ಒಬ್ಬನಿಗೆ ಅದು ಅಭಿಮಾನ, ಇನ್ನೊಬ್ಬನಿಗೆ ಅಜ್ಜಿಯ ಅಜ್ಜಿಯ ಅಳು. ಘಟ್ಟದ ಮೇಲಿನ ನಾವು ನಮ್ಮ ಪಾಠದಲ್ಲಿ ಒಂದೇ ಪುಟ ಓದಿ ಮುಗಿಸಿದ್ದೆವು. ಆ ನಡೆಸಿಕೊಂಡು ಹೋದ ದಾರಿ ನಮ್ಮ ಕಡೆಗೇ ಬರುವ ದಾರಿಯಾಗಿತ್ತು.

ಇಂಗ್ಲಿಷರ ಕಾಲದ ಕುರುಹುಗಳನ್ನು ಎಲ್ಲರೂ ನೋಡಿ ಬರೆದಿದ್ದಾರೆ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಮಾಡುಗಳನ್ನು ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದ. ಕತ್ತು ನೋಯುವವರೆಗೆ ನೋಡಿದೆ. ಬಾವುಟಗುಡ್ಡಕ್ಕೆ ಆ ಹೆಸರು ಬಂದದ್ದು 1837ರ ಏಪ್ರಿಲಿನಲ್ಲಿ ಸುಳ್ಯ ಕೊಡಗಿನ ಕಡೆಯಿಂದ ದಂಡು ಕಟ್ಟಿ ಬಂದ ರೈತರು ಕುಂಪಣಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದ್ದರಿಂದ. ಎರಡು ವಾರದೊಳಗೆ ಅದು ಮುಗಿದು, ನೇಣುಗಂಬಗಳು ಎದ್ದವು.

ಇನ್ನು ಹೆಂಚಿಗೆ ಬರೋಣ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ. ಅವರ ಮಾತು ಕೇಳಿ ಮತಾಂತರವಾದವರನ್ನು ಜಾತಿ ಹೊರಗಿಟ್ಟಿತು. ಜಾತಿಯ ಜೊತೆಗೇ ಕಸುಬೂ ಹೋಯಿತು. ಹೊಟ್ಟೆಗೇನು? ಮಗ್ಗ ಹೂಡಿದರು, ಅಚ್ಚುಕೂಟ ತೆರೆದರು. ಗೆಯೋರ್ಗ್ ಪ್ಲೆಬ್ಸ್ಟ್ ಎಂಬ ಕಸುಬುಗಾರ ಇಲ್ಲಿನ ನದೀದಡದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ನೇತ್ರಾವತಿಯ ಬದಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ನನ್ನ ಬಾಲ್ಯದ ಇಸವಿ ಅದು: ಕಾರ್ಖಾನೆ ಹುಟ್ಟಿದ ವರ್ಷ, ಮುಂದೆ ಅದರ ಮುದ್ರೆಯೇ ಆಯಿತು. ಮೊದಲಿಗೆ ಇಬ್ಬರು ಆಳು, ಒಂದು ಜೊತೆ ಎತ್ತು, ದಿನಕ್ಕೆ 560 ಹೆಂಚು ಎಂದು ಲೆಕ್ಕವಿದೆ. ದೋಣಿಯಲ್ಲಿ ಮಣ್ಣು ಬರಬೇಕು, ಕಲಸಿ ಹದ ಮಾಡಿ ಹಲಗೆಯಾಗಿಸಬೇಕು, ಅಚ್ಚಿನಲ್ಲಿ ಒತ್ತಬೇಕು, ನೆರಳಲ್ಲಿ ಆರಿಸಿ ಭಟ್ಟಿಯಲ್ಲಿ ಸುಡಬೇಕು. ಹೆಚ್ಚು ಕಾಲ ಹೋಗಲಿಲ್ಲ. 1868ರಲ್ಲಿ ಅಲ್ಬುಕರ್ಕ್ ಮನೆತನದವರು ತಮ್ಮದೇ ಕಾರ್ಖಾನೆ ತೆರೆದರು. ಆಮೇಲೆ ನದಿಯ ಎರಡೂ ಕಡೆ ಚಿಮಣಿಗಳೇ ಚಿಮಣಿಗಳು. ಮೊದಲ ಮಹಾಯುದ್ಧ ಬಂದಾಗ ಮಿಷನ್ನಿನಲ್ಲಿ ಜರ್ಮನರಿದ್ದರೆಂದು ಸರಕಾರ ಅದರ ಉದ್ಯಮಗಳನ್ನು ವಶಪಡಿಸಿಕೊಂಡಿತು; 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹೀಗಾಗಿ ಬಾಸೆಲ್ ಮಿಷನ್ನಿನ ಹೆಸರು ಹೊತ್ತ ನಮ್ಮ ಹೆಂಚುಗಳು ಆ ಯುದ್ಧಕ್ಕೆ ಮುಂಚಿನವೇ ಆಗಿರಬೇಕು. ಮುತ್ತಜ್ಜ ತನ್ನ ಮದುವೆಯಾದ ಹೊಸತರಲ್ಲಿ ಮನೆ ಕಟ್ಟಿಸಿದನೆಂಬ ಮಾತಿಗೂ ಇದು ತಾಳೆಯಾಗುತ್ತದೆ. ನಲವತ್ತು ವರ್ಷಗಳ ಮೇಲೆ ನನ್ನ ಮೊದಲ ಸಂಶೋಧನೆಯನ್ನು ತಿದ್ದಿಕೊಂಡೆ.

ಅದೇ ಅಚ್ಚುಕೂಟದ ಮಾತನ್ನು ಕನ್ನಡ ಮೇಷ್ಟರಾದವರು ಹೇಳದೆ ಬಿಡಬಾರದು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಇಂದು ನೀವು ಕೈಯಲ್ಲಿ ಹಿಡಿದಿರುವ ಪುರವಣಿಯ ಮುತ್ತಜ್ಜ. ಮೊಗ್ಲಿಂಗ್ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಮಾಡಿಸಿದ. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಎಪ್ಪತ್ತು ಸಾವಿರದಷ್ಟು ಶಬ್ದಗಳು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಅಲ್ಲಿಂದಲೇ ಬಂತು. ತಲೆಯ ಮೇಲೆ ಅವರ ಹೆಂಚು, ಮೇಜಿನ ಮೇಲೆ ಅವರ ನಿಘಂಟು. ಎರಡರ ಕೆಳಗೂ ಬೆಳೆದವನು ನಾನು. ನಮ್ಮ ಜನರ ನಂಬಿಕೆಯನ್ನು ಬದಲಿಸಲು ಬಂದವರು ನಮ್ಮ ನುಡಿಯನ್ನು ನಮಗಿಂತ ಹೆಚ್ಚು ಶ್ರದ್ಧೆಯಿಂದ ಕಾಪಿಟ್ಟರು ಎಂಬುದು ನುಂಗಲು ಕೊಂಚ ಕಷ್ಟವಾದ ಸತ್ಯ. ಇನ್ನೊಂದು ಸ್ವಾರಸ್ಯವೆಂದರೆ, ಈ ಕೆಲಸವೆಲ್ಲ ನಡೆದದ್ದು ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳು ಆಡುವ ಊರಿನಲ್ಲಿ. ಕನ್ನಡ ಅಲ್ಲಿ ಅನೇಕರಿಗೆ ಶಾಲೆಯಲ್ಲಿ ಕಲಿತ ನುಡಿ. ಆದ್ದರಿಂದಲೇ ಇರಬೇಕು, ಅವರ ಕನ್ನಡ ನಮ್ಮದಕ್ಕಿಂತ ಶುಭ್ರ. ಆಟೋದವನೊಬ್ಬ ನನ್ನ ತಿಪಟೂರು ಮಾತನ್ನು ಕೇಳಿ, "ನೀವು ಕನ್ನಡ ಲೆಕ್ಚರರಾ?" ಎಂದು ಸಂಶಯದಿಂದಲೇ ಕೇಳಿದ.

ಅವನೇ ನನ್ನನ್ನು ಹಳೆಯ ಹೆಂಚಿನ ಕಾರ್ಖಾನೆಗಳ ಕಡೆಗೆ ಕರೆದೊಯ್ದ. ಹೆಚ್ಚಿನವು ಮುಚ್ಚಿವೆ. ಮಣ್ಣು ಸಿಗುವುದು ಕಷ್ಟ, ಸೌದೆ ದುಬಾರಿ, ಮೇಲಾಗಿ ಎಲ್ಲರಿಗೂ ತಾರಸಿ ಬೇಕು. ಒಂದು ಚಿಮಣಿಯ ಸುತ್ತ ಅಶ್ವತ್ಥದ ಗಿಡ ಹಬ್ಬಿತ್ತು. ಗೇಟಿನ ಎದುರಿನ ಗೂಡಂಗಡಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರು, ಹಿಂದೆ ಅಲ್ಲಿಯೇ ಭಟ್ಟಿಯ ಕೆಲಸದಲ್ಲಿದ್ದವರು, ನನ್ನ ಟವಲಿನ ಗಂಟನ್ನು ಬಿಚ್ಚಿಸಿ ನೋಡಿದರು. ಚೂರನ್ನು ಕೈಗೆ ತೆಗೆದುಕೊಂಡು ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದರು. ಗಂಟೆಯ ಹಾಗೆ ಸದ್ದಾಯಿತು.

"ಇದು ಸರಿಯಾಗಿ ಬೆಂದದ್ದು ಮಾರಾಯ್ರೆ. ಎಲ್ಲಿಂದ ತಂದದ್ದು?"

ತಿಪಟೂರಿನ ಹತ್ತಿರ ಎಂದೆ.

"ಅಷ್ಟು ಮೇಲೆ ಹೋಗಿ ಕೂತಿದೆಯಾ ಇದು!" ಎಂದು ನಕ್ಕು, ಚೂರಿನ ಅಂಚನ್ನು ತೋರಿಸಿದರು. ಅಲ್ಲಿ ಎರಡು ಸಣ್ಣ ಗುಳಿಗಳಿದ್ದವು. ನಾನು ಅದುವರೆಗೆ ಗಮನಿಸಿರಲಿಲ್ಲ. "ಇದು ಬೆರಳು. ಹಸಿ ಹೆಂಚು ಅಚ್ಚಿಂದ ಎತ್ತುವಾಗ ಬೀಳುವುದು. ಹೆಂಗಸರ ಬೆರಳು ಇರಬೇಕು, ಸಪೂರ ಉಂಟು. ನನ್ನ ಅಮ್ಮನೂ ಇಲ್ಲಿಯೇ ಮಣ್ಣು ಹೊತ್ತದ್ದು, ಹೆಂಚು ಎತ್ತಿದ್ದು. ಬೆನ್ನು ಹೋದ ಮೇಲೆ ಬಿಟ್ಟರು."

ನಾನು ನನ್ನ ಬೆರಳನ್ನು ಆ ಗುಳಿಯಲ್ಲಿಟ್ಟು ನೋಡಿದೆ. ಹಿಡಿಸಲಿಲ್ಲ. ಅಜ್ಜಿಯೂ ಅಮ್ಮನೂ ಬದುಕಿ ಬಾಳಿದ ಸೂರಿನ ಮೇಲೆ ಹೆಸರು ತಿಳಿಯದ ಹೆಂಗಸೊಬ್ಬಳ ಎರಡು ಬೆರಳು ನೂರು ವರ್ಷ ಮಳೆ ತಡೆದು ನಿಂತಿದ್ದವು. ಬೊಮ್ಮನಿಗಾದರೂ ಕೈರೋದಲ್ಲಿ ಕಾಗದ ಸಿಕ್ಕಿತು.

ಹಿಂದಿರುಗುವ ಮುನ್ನ ಮತ್ತೊಮ್ಮೆ ಬಂದರಿಗೆ ಹೋದೆ. ಪಣಂಬೂರಿನ ಹೊಸ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರೆಂದು ಘೋಷಿತವಾದ ಮೇಲೆ ದೊಡ್ಡ ಹಡಗುಗಳೆಲ್ಲ ಅತ್ತ ಹೋದವು. ಹಳೆಯ ದಕ್ಕೆಗೆ ಉಳಿದಿರುವುದು ಮೀನಿನ ದೋಣಿಗಳು ಮತ್ತು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು. ಈ ನಂಟು ಹಳೆಯದು. ಅಮೀನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ತಂದು ಸರಕಾರಕ್ಕೇ ಕೊಡಬೇಕು, ಬದಲಿಗೆ ಅಕ್ಕಿ ಪಡೆಯಬೇಕು ಎಂಬ ಕಟ್ಟು ಬಹುಕಾಲ ಇತ್ತು. ಬೆಲೆ ಗೊತ್ತುಮಾಡುವವನು ಕೊಳ್ಳುವವನೇ. ಇದನ್ನು ತಿಳಿದಾಗ, ಕೊಬ್ಬರಿ ಹರಾಜಿನ ದಿನ ತಿಪಟೂರಿನ ಮಾರುಕಟ್ಟೆಯಲ್ಲಿ ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದ ಅಪ್ಪನ ಮುಖ ನೆನಪಾಯಿತು. ಕಡಲಿನ ನಡುವೆಯೂ ತೆಂಗು ಬೆಳೆದವನ ಪಾಡು ಅದೇ.

ಆ ದಿನ ಒಂದು ಮಂಜಿಗೆ ಸರಕು ಹೇರುತ್ತಿದ್ದರು: ಸಿಮೆಂಟು, ಜಲ್ಲಿ, ತರಕಾರಿ ಬುಟ್ಟಿ, ಎರಡು ಮೇಕೆ. ಹೆಂಚು ಇರಲಿಲ್ಲ.

ಊರಿಗೆ ಬಂದಾಗ ಅಣ್ಣ ಒಬ್ಬ ಗಿರಾಕಿಯನ್ನು ಗೊತ್ತುಮಾಡಿದ್ದ. ಸಕಲೇಶಪುರದ ಕಡೆ ಹೋಂಸ್ಟೇ ಕಟ್ಟಿಸುವವರು. ಹಳೆಯ ಬಾಸೆಲ್ ಮಿಷನ್ ಹೆಂಚಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಕೊಡುತ್ತಾರಂತೆ. ಇಬ್ಬರು ಆಳುಗಳು ಮೇಲೇರಿ ಒಂದೊಂದೇ ಬಿಚ್ಚಿ ಕೆಳಗೆ ಕೊಟ್ಟರು. ಅಣ್ಣ, ನಾನು, ಅಣ್ಣನ ಮಗ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಅಂಚು ಅಂಚಿನಲ್ಲೆಲ್ಲ ನಾನು ಬೆರಳ ಗುರುತು ಹುಡುಕುತ್ತಿದ್ದುದರಿಂದ ಸಾಲು ನನ್ನಲ್ಲಿ ತಡೆಯುತ್ತಿತ್ತು. "ಏನ್ ನೋಡ್ತಾ ನಿಂತ್ಯೋ, ಲಾರಿಯೋನು ಕಾಯ್ತಾವ್ನೆ" ಎಂದು ಅಣ್ಣ ಗದರಿದ. ಗಾಜಿನ ಹೆಂಚು ಇಳಿಸುವಾಗ ಜಾರಿ ಒಡೆಯಿತು. ಮಿಕ್ಕವು ಹುಲ್ಲಿನ ಮೆತ್ತೆಯ ಮೇಲೆ ಲಾರಿ ಸೇರಿದವು. ಸಂಜೆಯ ಹೊತ್ತಿಗೆ ಲಾರಿ ಅರಸೀಕೆರೆ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋಯಿತು. ನಾಲ್ಕು ಹೆಂಚನ್ನು ನಾನು ಉಳಿಸಿಕೊಂಡೆ. ಎರಡು ಅಣ್ಣನ ಹೊಸ ಮನೆಯಲ್ಲಿ ತುಳಸಿಕಟ್ಟೆಯ ಬಳಿ ಇವೆ. ಎರಡು ನನ್ನ ಮನೆಯಲ್ಲಿ, ಕಿಟ್ಟೆಲ್ಲರ ನಿಘಂಟಿನ ಪಕ್ಕದಲ್ಲಿ.